ತಣ್ಣನೆ ಕೈಯ ಗುರುತು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಜಾತಕ ಕೇಳುವುದಿಲ್ಲ. ಹುಡುಗಿಯ ಕೈಗೆ ಒಂದು ಚಾಕಲೇಟಿನ ಲೋಟ ಕೊಟ್ಟು ಮನಸ್ಸಿನಲ್ಲೇ ನೂರು ಎಣಿಸುತ್ತಾರೆ. ಎಣಿಕೆ ಮುಗಿದಾಗ ಲೋಟ ಲೋಟವಾಗಿಯೇ ಇದ್ದರೆ ಮಾತು ಮುಂದುವರಿಯುತ್ತದೆ. ಅಂಗೈಯಿಂದ ಕಂದು ನೀರು ಮೊಣಕೈಗೆ ಇಳಿಯಿತೋ, ‘ಮನೇಲಿ ವಿಚಾರ ಮಾಡಿ ಹೇಳ್ತೀವಿ’ ಎಂದು ಉಪ್ಪಿಟ್ಟು ಮುಗಿಸಿ ಎದ್ದು ಹೋಗುತ್ತಾರೆ. ಅವರದೇನೂ ತಪ್ಪಿಲ್ಲ. ಬಿಸಿಗೈಯ ಸೊಸೆ ಬಂದ ಮನೆಯಲ್ಲಿ ಬಾಚಣಿಗೆ ವಾರಕ್ಕೊಂದು, ಬಾಗಿಲ ಚಿಲಕ ತಿಂಗಳಿಗೊಂದು.

ನನ್ನ ಕೈಗೂ ಮೂರು ಸಲ ಲೋಟ ಕೊಟ್ಟಿದ್ದಾರೆ. ಮೂರನೆಯವರು ನೂರು ಎಣಿಸಿದರು. ನಂಬಿಕೆ ಬರದೆ ಇನ್ನೂರು ಎಣಿಸಿದರು. ಹುಡುಗನ ಅಜ್ಜಿ ಲೋಟ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಒಂದು ಬೆರಳಿನ ಕಲೆಯೂ ಇರಲಿಲ್ಲ. ‘ಬಂಗಾರದಂಥ ಕೈ ಕಣಮ್ಮಾ,’ ಎಂದರು ನಮ್ಮಮ್ಮನಿಗೆ. ಆಮೇಲೆ ಅರ್ಧ ಗಂಟೆ ನನ್ನಿಂದ ಒಂದು ಮಾತು ಹೊರಡಿಸಲು ಹೆಣಗಿದರು. ಏನು ಓದಿದ್ದೀ, ಹಾಡು ಬರುತ್ತಾ, ಸಾರು ಮಾಡ್ತೀಯಾ. ನಾನು ನೆಲದ ಮೇಲಿನ ರಂಗೋಲಿಯ ಚುಕ್ಕಿ ಎಣಿಸುತ್ತಿದ್ದೆ. ಕೊನೆಗೆ ಅಜ್ಜಿ ಎದ್ದು ನಿಂತು, ‘ಕೈಯೇನೋ ಇದೆ. ಬಾಯಿ ಇದೆಯಾ?’ ಎಂದು ಕೇಳಿ ಹೊರಟುಹೋದರು. ಅಮ್ಮ ಆ ಪ್ರಶ್ನೆಯನ್ನು ಇವತ್ತಿಗೂ ಮರೆತಿಲ್ಲ. ನಾನು ಅದನ್ನು ಅವತ್ತಿನ ಡೈರಿಯಲ್ಲಿ ಬರೆದಿಟ್ಟೆ. ಉತ್ತರಕ್ಕೆಂದು ಕೆಳಗೆ ಒಂದು ಸಾಲು ಖಾಲಿ ಬಿಟ್ಟೆ.

ಹೊರಗಿನಿಂದ ಬಂದವರಿಗೆ ನಮ್ಮೂರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಬಸ್ಸಿಳಿದವರೇ ಬಂದು ಗೇಟು ನೆಕ್ಕುತ್ತಾರೆ. ನಾವು ಯಾರೂ ನೆಕ್ಕುವುದಿಲ್ಲ. ಕುಂಬಾರ ಮಣ್ಣು ತಿನ್ನುತ್ತಾನೆಯೇ? ನಮ್ಮ ಮಕ್ಕಳು ಹಟ ಹಿಡಿಯುವುದು ಉಪ್ಪು ಹಚ್ಚಿದ ಮಾವಿನಕಾಯಿಗೆ. ಇರುವೆಗಳಿಗೂ ರೂಢಿಯಾಗಿ ಹೋಗಿದೆ. ಕುರ್ಚಿಯ ಕಾಲನ್ನು ಹತ್ತಿಳಿದು ಅಡಿಗೆಮನೆಯ ತೊಗರಿಬೇಳೆ ಹುಡುಕಿಕೊಂಡು ಹೋಗುತ್ತವೆ. ನಮ್ಮ ಕುರ್ಚಿ, ಮಣೆ, ಬೀಗ, ಚಪ್ಪಲಿ, ಮೂಲೆ ಮೂಲೆಯ ಪ್ರತಿಮೆ ಎಲ್ಲವೂ ಚಾಕಲೇಟಿನವೇ. ಬಿಸಿಲಿಗೆ ಕರಗುವುದಿಲ್ಲ, ಒಲೆಗೆ ಹೆದರುವುದಿಲ್ಲ. ಕರಗುವುದು ಮನುಷ್ಯರ ಕೈಗೆ ಮಾತ್ರ. ಹಾಗಾಗಿ ನಾವು ಯಾವುದನ್ನೂ ಬಿಗಿಯಾಗಿ ಹಿಡಿಯುವುದಿಲ್ಲ. ಬಾಗಿಲನ್ನು ಭುಜದಿಂದ ತಳ್ಳುತ್ತೇವೆ, ಚಿಲಕವನ್ನು ಸೆರಗಿನಿಂದ ಎಳೆಯುತ್ತೇವೆ, ಕೊಡವನ್ನು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ದಾಟಿಸುತ್ತ ನಡೆಯುತ್ತೇವೆ. ಜ್ವರ ಬಂದವರಿಗೆ ಗೋಣಿಚೀಲದ ಕೈಗವಸು ಹಾಕುತ್ತೇವೆ. ಕೋಪಿಷ್ಠರ ಮನೆಗೆ ಹೋದರೆ ಕೂರಲು ಕುರ್ಚಿ ಇರುವುದಿಲ್ಲ.

ಬಿ.ಎ. ಮುಗಿಸಿದ ಮೇಲೆ ನಾನು ವೀರಭದ್ರಾಚಾರ್ರ ಕಾರ್ಖಾನೆಗೆ ಸೇರಿದೆ. ಊರಿನ ಪ್ರತಿಮೆಗಳೆಲ್ಲ ಅಲ್ಲಿಯವೇ. ಕಾರ್ಖಾನೆಯಲ್ಲಿ ಎರಡು ಜಾತಿ: ನಾದುವವರು, ಕೆತ್ತುವವರು. ನಾದುವವರು ಬಿಸಿಗೈಯವರು. ದೊಡ್ಡ ಬಾನಿಯ ಸುತ್ತ ಕೂತು ಹಳೆಯ ಕುರ್ಚಿ, ಮುರಿದ ಮಣೆಗಳನ್ನು ಹಿಟ್ಟಿನ ಹಾಗೆ ನಾದಿ ನಾದಿ ಕರಗಿಸುತ್ತಾರೆ. ಅವರ ಬಾಯಿಗೂ ಕೈಯಷ್ಟೇ ಬಿಸಿ. ಊರಿನ ಸುದ್ದಿಯೆಲ್ಲ ಆ ಬಾನಿಯಲ್ಲೇ ಬೇಯುವುದು. ಕೆತ್ತುವವರು ತಣ್ಣನೆ ಕೈಯವರು, ಹೆಚ್ಚಾಗಿ ಮಾತಿಲ್ಲದವರು. ಆಚಾರ್ರು ನನ್ನ ಎರಡೂ ಅಂಗೈಗಳನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು ನೋಡಿ, ಕಣ್ಣು ಮುಚ್ಚಿ, ‘ಬಾವಿಯೊಳಗಿನ ಕಲ್ಲು’ ಎಂದರು. ಅಷ್ಟೇ. ಮರುದಿನ ಉಳಿ ಕೊಟ್ಟರು.

ಆಚಾರ್ರ ಕೈಗಳೂ ಒಂದು ಕಾಲಕ್ಕೆ ಹಾಗೇ ಇದ್ದವಂತೆ. ಐವತ್ತು ದಾಟಿದ ಮೇಲೆ ಯಾಕೋ ಬಿಸಿಯಾದವು. ಈಗ ಅವರು ಕೆತ್ತಲು ಹೋದರೆ ಪ್ರತಿಮೆಯ ಮೂಗು ಬೆರಳಿಗೆ ಬರುತ್ತದೆ. ಆದ್ದರಿಂದ ದೂರ ಕುರ್ಚಿ ಹಾಕಿಕೊಂಡು, ಕೈಗಳನ್ನು ಕಂಕುಳಿಗೆ ಸೇರಿಸಿ, ‘ಎಡಗಣ್ಣು ಒಂದು ಕೂದಲೆಳೆ ಕೆಳಗೆ’ ಎನ್ನುತ್ತಾರೆ. ನಾನು ತೆಗೆಯುತ್ತೇನೆ. ಅವರ ಕಣ್ಣು, ನನ್ನ ಕೈ. ಮೂರು ವರ್ಷ ಹೀಗೇ ನಡೆಯಿತು. ನನಗೆ ಅದಕ್ಕಿಂತ ಸುಖದ ದಿನಗಳು ಗೊತ್ತಿಲ್ಲ.

ಒಂದೇ ಒಂದು ಮುಳ್ಳು ಇತ್ತು. ಪ್ರತಿಮೆಯನ್ನು ಮಾಡಿದವರು ಅನಾವರಣದ ದಿನ, ಊರಿನವರ ಎದುರಿಗೆ, ಅದರ ಪೀಠದ ಮೇಲೆ ತಮ್ಮ ಹೆಬ್ಬೆರಳು ಒತ್ತಬೇಕು. ಒತ್ತಿದ ಕಡೆ ಚಾಕಲೇಟು ಕರಗಿ ಗುರುತು ಬೀಳುತ್ತದೆ. ಗುಮಾಸ್ತರು ಗುರುತಿನ ಪುಸ್ತಕದಲ್ಲಿ ಹೆಸರು ಬರೆಯುತ್ತಾರೆ. ಗುರುತು ಬೀಳುವ ಮೊದಲು ಬೆರಳು ಎತ್ತಿದರೆ ಆ ಕೆಲಸ ನಿಮ್ಮದಲ್ಲ. ಇನ್ನೊಂದು ಸಲ ಒತ್ತುವಂತಿಲ್ಲ. ಯಾರ ಗುರುತೂ ಇಲ್ಲದ ಪ್ರತಿಮೆ ವಾಪಸು ಬಾನಿಗೆ.

ನನ್ನ ಮೊದಲ ಕೆಲಸ ಗ್ರಂಥಾಲಯದ ಮುಂದಿನ ಗೂಬೆ. ಅನಾವರಣದ ದಿನ ಪೀಠಕ್ಕೆ ಹೆಬ್ಬೆರಳಿಟ್ಟೆ. ಜನ ಎಣಿಸತೊಡಗಿದರು. ಇಪ್ಪತ್ತು, ಮೂವತ್ತು. ಸಾಮಾನ್ಯವಾಗಿ ನಲವತ್ತರ ಹೊತ್ತಿಗೆ ಕೆಲಸ ಆಗಿರುತ್ತದೆ. ಎಪ್ಪತ್ತಕ್ಕೆ ಯಾರೋ ಕೆಮ್ಮಿದರು. ಎಂಬತ್ತಕ್ಕೆ ‘ಹುಡುಗಿ ಒಳಗೆ ರಕ್ತ ಇದೆಯೋ, ಮಜ್ಜಿಗೆಯೋ’ ಎಂಬ ಮಾತು ಕೇಳಿಸಿತು. ನೂರಕ್ಕೆ ಎಲ್ಲರೂ ನಕ್ಕರು. ಬೆರಳ ಕೆಳಗೆ ಏನೂ ಇರಲಿಲ್ಲ, ಉಸಿರು ತಾಗಿದಷ್ಟು ಮಂಜೂ ಇರಲಿಲ್ಲ. ನಾನು ಓಡಿಹೋದೆ. ಗೂಬೆ ಬಾನಿಗೆ ಹೋಗಬಾರದೆಂದು ಆಚಾರ್ರು ಮುಂದೆ ಬಂದು ತಮ್ಮ ಹೆಬ್ಬೆರಳು ಇಟ್ಟರು. ಪಿಸಕ್ ಎಂದು ಮೂರು ಎಣಿಸುವಷ್ಟರಲ್ಲಿ ಇಳಿಯಿತಂತೆ. ಅಲ್ಲಿಂದ ಮುಂದೆ ಹನ್ನೊಂದು ಪ್ರತಿಮೆ ಮಾಡಿದೆ. ಹನ್ನೊಂದರ ಪೀಠದಲ್ಲೂ ಅವರ ಹೆಬ್ಬೆರಳು. ಅವರು ಪ್ರತಿ ಸಲವೂ ಆಮೇಲೆ ನನ್ನ ಮುಖ ನೋಡದೆ ಒಂದು ಬಾಳೆಹಣ್ಣು ಕೊಡುತ್ತಿದ್ದರು.

ಹೀಗಿರುವಾಗ ಶಾಲೆಯ ಚಿಕ್ಕತಾಯಮ್ಮ ತೀರಿಕೊಂಡರು.

ಚಾಕಲೇಟಿನ ಗಂಟೆ ಬಾರಿಸಿದರೆ ‘ಡಬ್’ ಎನ್ನುತ್ತದೆ. ಹತ್ತು ಮಾರು ದೂರದವರಿಗೂ ಕೇಳಿಸುವುದಿಲ್ಲ. ಆದ್ದರಿಂದ ನಮ್ಮ ಶಾಲೆಯಲ್ಲಿ ಗಂಟೆಯ ಪಕ್ಕ ನಿಂತು ಬಾಯಲ್ಲೇ ‘ಢಣ್! ಢಣ್! ಢಣ್!’ ಎಂದು ಕೂಗಲು ಒಬ್ಬರನ್ನು ಇಟ್ಟಿದ್ದರು. ಮೂವತ್ತೆಂಟು ವರ್ಷ ಚಿಕ್ಕತಾಯಮ್ಮನೇ ಕೂಗಿದರು. ಬೆಳಿಗ್ಗೆ ಹತ್ತಕ್ಕೆ, ಊಟಕ್ಕೆ, ಸಂಜೆ ನಾಲ್ಕಕ್ಕೆ. ಕೂಗಿ, ಎಡಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, ಕಟ್ಟಕಡೆಯ ಕ್ಲಾಸಿನ ಬೆಂಚು ಸರಿದ ಸದ್ದು ಕೇಳುವ ತನಕ ನಿಲ್ಲುತ್ತಿದ್ದರು. ಕೇಳದಿದ್ದರೆ ಇನ್ನೊಂದು ಢಣ್.

ನನಗೆ ಅವರು ಇನ್ನೂ ಒಂದು ಕೆಲಸ ಮಾಡುತ್ತಿದ್ದರು. ನನ್ನ ಹೆಸರು ಸರ್ವಮಂಗಳಾ. ಹಾಜರಿ ಕರೆಯುವಾಗ ಮೇಷ್ಟ್ರು ಅಷ್ಟುದ್ದದ ಹೆಸರನ್ನು ಕರೆದು ಮುಗಿಸುವಷ್ಟರಲ್ಲಿ ನನ್ನ ಹಣೆ ಪುಸ್ತಕಕ್ಕೆ ತಾಗಿರುತ್ತಿತ್ತು. ಇಡೀ ಕ್ಲಾಸು ತಿರುಗಿ ನೋಡುತ್ತಿತ್ತು. ಆಗ ಹೊರಗಿನ ಜಗಲಿಯಿಂದ ಚಿಕ್ಕತಾಯಮ್ಮನ ದನಿ ಬರುತ್ತಿತ್ತು: ‘ಇದ್ದಾಳೆ ಮೇಷ್ಟ್ರೇ, ಇದ್ದಾಳೆ! ಕಿಟಕಿ ಪಕ್ಕ ಕೂತವ್ಳೆ, ಹಾಕ್ಕೊಳ್ಳಿ!’ ಐದನೇ ಕ್ಲಾಸಿನಿಂದ ಹತ್ತನೆಯವರೆಗೆ ನಾನು ಹಾಜರಾದದ್ದೆಲ್ಲ ಅವರ ಬಾಯಲ್ಲಿ.

ಅವರು ಹೋದ ಮೇಲೆ ಗಂಟೆಯನ್ನು ಡ್ರಿಲ್ ಮೇಷ್ಟ್ರು ಬಾರಿಸತೊಡಗಿದರು. ಡಬ್. ಯಾರಿಗೂ ಕೇಳುತ್ತಿರಲಿಲ್ಲ. ಮೇಷ್ಟ್ರು ಕೂಗಲೂ ನೋಡಿದರು. ಮಕ್ಕಳು ಬಿದ್ದು ಬಿದ್ದು ನಕ್ಕದ್ದರಿಂದ ಬಿಟ್ಟರು. ಗಣಿತದ ಪಾಠ ಐದೂವರೆಯವರೆಗೂ ನಡೆಯುತ್ತಿತ್ತು. ತಾಯಂದಿರು ಒಬ್ಬೊಬ್ಬರೇ ಕಿಟಕಿಗೆ ಬಂದು ತಮ್ಮ ಮಕ್ಕಳ ಹೆಸರು ಹಿಡಿದು ಕರೆದುಕೊಂಡು ಹೋಗುವುದು ರೂಢಿಯಾಯಿತು. ಶಾಲೆಯ ಅಂಗಳದಲ್ಲಿ ಚಿಕ್ಕತಾಯಮ್ಮನ ಪ್ರತಿಮೆ ಇಡಬೇಕೆಂದು ಊರು ತೀರ್ಮಾನಿಸಿತು.

ಅಪ್ಪಣೆ ಬಂದ ದಿನವೇ ಆಚಾರ್ರು ಎಲ್ಲರನ್ನೂ ಬಾನಿಯ ಸುತ್ತ ಕರೆದರು. ‘ಇದು ನನ್ನ ಕೊನೇದು. ಇದಾದ ಮೇಲೆ ಬೀಗದಕೈ ಕೊಟ್ಟುಬಿಡ್ತೀನಿ,’ ಎಂದರು. ಬೀಗದಕೈ ಯಾರಿಗೆ ಎಂದು ಯಾರೂ ಕೇಳಲಿಲ್ಲ. ಗುರುತಿನ ಪುಸ್ತಕದಲ್ಲಿ ಹೆಸರಿಲ್ಲದವರು ಕಾರ್ಖಾನೆ ನಡೆಸುವಂತಿಲ್ಲ. ಆಚಾರ್ರನ್ನು ಬಿಟ್ಟರೆ ನಮ್ಮಲ್ಲಿ ಹೆಸರಿದ್ದದ್ದು ಅವರ ಅಕ್ಕನ ಮಗ ಪರಮೇಶಿಯದು ಮಾತ್ರ. ಅವನು ಗುರುತು ಒತ್ತಿದ್ದು ಶಾಲೆಯ ಪಾಯಿಖಾನೆಯ ಬಾಗಿಲಿಗೆ. ಅಂಥ ಬಾಗಿಲಿಗೂ ಅನಾವರಣ ಮಾಡಿಸಿಕೊಂಡ ಗಂಡಸು ನಮ್ಮೂರಲ್ಲಿ ಅವನೊಬ್ಬನೇ.

ಪರಮೇಶಿ ಕೆಟ್ಟವನಲ್ಲ, ಅದೇ ತೊಂದರೆ. ಅವನು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ‘ನೋಡು ಮಂಗಳಾ, ಏನೂ ಬದಲಾಗಲ್ಲ. ನೀನು ಮಾಡು, ನಾನು ಒತ್ತುತೀನಿ. ಮಾವ ಮಾಡ್ತಿದ್ದಂಗೇ,’ ಎಂದ.

ನಾನು ಉಳಿಯನ್ನು ಸೆರಗಿಗೆ ಒರೆಸಿದೆ.

‘ಬಾಳೆಹಣ್ಣು ಬೇಕಾದ್ರೂ ಕೊಡ್ತೀನಪ್ಪ. ಡಜನ್‌ಗಟ್ಲೆ.’

ನಾದುವ ಹೆಂಗಸರು ನಕ್ಕರು. ನಗದೇ ಇದ್ದವಳು ಮಾಬೂಬಿ ಒಬ್ಬಳೇ. ಆಕೆ ನಾದುವವರಲ್ಲೆಲ್ಲ ಹಿರಿಯಳು. ಊರಿನಲ್ಲಿ ಅವಳಷ್ಟು ಬಿಸಿ ಕೈ ಇನ್ನೊಂದಿಲ್ಲ. ಗಂಡನ ಮನೆಗೆ ಬಂದ ದಿನವೇ ಹೊಸಿಲು ಮುಟ್ಟಿ ನಮಸ್ಕಾರ ಮಾಡಿ ಅರ್ಧ ಹೊಸಿಲು ಕರಗಿಸಿದವಳು. ಮೊಣಕೈವರೆಗೆ ಕಂದು ಮೆತ್ತಿದ ಕೈ ಎತ್ತಿ ಅವಳು ಪರಮೇಶಿಗೆ ಹೇಳಿದಳು: ‘ಏಯ್, ಪಾಯಿಖಾನೆ ಬಾಗ್ಲು, ಎದ್ದು ನಡಿ ಅತ್ಲಾಗೆ. ಹುಡುಗಿ ಬೆಳಕಿಗೆ ಅಡ್ಡ ಕೂತಿದೀಯ.’

ಅವತ್ತು ನಾನು ಡೈರಿಯಲ್ಲಿ ಒಂದೇ ಸಾಲು ಬರೆದೆ. ‘ಚಿಕ್ಕತಾಯಮ್ಮನ ಪೀಠದಲ್ಲಿ ಪರಮೇಶಿಯ ಬೆರಳೂ ಬೇಡ, ಆಚಾರ್ರ ಬೆರಳೂ ಬೇಡ.’ ಬರೆದ ಮೇಲೆ ಭಯವಾಯಿತು, ಹೊಡೆದುಹಾಕಲಿಲ್ಲ.

ಕೆಲಸಕ್ಕೆ ಕೂತೆ. ಸೆರಗು, ಪಾದ, ಕಿವಿಯ ಹಿಂದಿನ ಎಡಗೈ ಎಲ್ಲ ಎರಡು ವಾರದಲ್ಲಿ ಬಂದವು. ಬಾಯಿ ಬರಲಿಲ್ಲ. ‘ಢಣ್’ ಎನ್ನುವಾಗ ಬಾಯಿ ಒಂದೇ ಥರ ಇರುವುದಿಲ್ಲ. ಮೊದಲು ನಾಲಿಗೆ ಮೇಲಕ್ಕೆ ಮಡಿಚಿಕೊಳ್ಳುತ್ತದೆ, ಆಮೇಲೆ ದವಡೆ ಬೀಳುತ್ತದೆ, ಕೊನೆಗೆ ನಾಲಿಗೆ ಮತ್ತೆ ಮೇಲೆ ಹೋದರೂ ತುಟಿ ತೆರೆದೇ ಇರುತ್ತದೆ. ಯಾವ ಗಳಿಗೆಯನ್ನು ಹಿಡಿಯಬೇಕು? ನಾದುವವರನ್ನು ಸಾಲಾಗಿ ನಿಲ್ಲಿಸಿ ಕೂಗಿಸಿದೆ. ಅವರು ಕೂಗುವ ಬದಲು ಒಬ್ಬರ ಬಾಯಿ ಒಬ್ಬರು ನೋಡಿ ನಕ್ಕರು. ಬೇರೆ ದಾರಿಯಿಲ್ಲದೆ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ನಾನೇ ನಿಂತೆ. ಮೊದಲ ದಿನ ಸದ್ದೇ ಬರಲಿಲ್ಲ. ಎರಡನೇ ದಿನ ಪಿಸುಮಾತಿನ ಢಣ್. ನಾಲ್ಕನೇ ದಿನ ಅಮ್ಮ ಬಾಗಿಲು ತಟ್ಟಿದಳು.

‘ಒಳಗೆ ಯಾರೇ ಇರೋದು?’

‘ನಾನೇ.’

‘ಮತ್ತೆ ಕೂಗಿದ್ದು?’

‘ನಾನೇ ಅಮ್ಮಾ.’

ಬಾಗಿಲಾಚೆ ಅಮ್ಮನ ಬಳೆಯ ಸದ್ದು ಅಡಿಗೆಮನೆಗೆ ಹೋಗಿ ಬಂತು. ‘ಗಂಟಲು ಒಣಗೀತು. ಬಿಸಿನೀರು ಇಟ್ಟಿದೀನಿ,’ ಎಂದು ಹೋದಳು.

ದವಡೆ ಬಿದ್ದ ಗಳಿಗೆಯೇ ಸರಿ ಎಂದು ನನಗೆ ಗೊತ್ತಾಯಿತು. ಕೆತ್ತಿದೆ. ದೂರದ ಕುರ್ಚಿಯಲ್ಲಿ ಕೂತಿದ್ದ ಆಚಾರ್ರು ಅವತ್ತು ‘ಕೂದಲೆಳೆ ಕೆಳಗೆ’ ಎನ್ನಲಿಲ್ಲ, ಮೇಲೆ ಎನ್ನಲಿಲ್ಲ. ಕಂಕುಳಿನಿಂದ ಕೈ ತೆಗೆದು ಮುಗಿದರು.

ಇನ್ನು ಬೆರಳಿನ ಮಾತು. ನಾನು ಮಾಡದ ಉಪಾಯವಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿದೆ, ಹಸಿಮೆಣಸಿನಕಾಯಿ ಕಲ್ಲಿನಲ್ಲಿ ರುಬ್ಬಿದೆ. ಉರಿಯೇನೋ ಬಂತು, ಬಿಸಿ ಬರಲಿಲ್ಲ. ಮಾಬೂಬಿಯ ಕೈಯನ್ನು ಕಾಲು ಗಂಟೆ ಹಿಡಿದುಕೊಂಡು ಕೂತೆ; ಬಿಟ್ಟ ಮರುಕ್ಷಣ ನನ್ನದು ಬಾವಿಯೊಳಗಿನ ಕಲ್ಲೇ. ‘ಬಿಡು ಮಗಳೇ,’ ಎಂದಳು ಮಾಬೂಬಿ. ‘ನನ್ನ ಕೈ ನೋಡು. ನಲವತ್ತು ವರ್ಷದಿಂದ ಮುಟ್ಟಿದ್ದೆಲ್ಲ ಹಾಳು ಮಾಡೈತೆ. ನಿಂದು ಮುಟ್ಟಿದ್ದೆಲ್ಲ ಉಳಿಸೈತೆ. ಇದನ್ನ ಬಿಸಿ ಮಾಡ್ಕೊಳಾಕೆ ಹೋಗ್ತೀಯಲ್ಲ, ಬುದ್ಧಿ ಎಲ್ಲಿಟ್ಟೀಯ?’

ಮನೆಗೆ ಬಂದು ಹಳೆಯ ಡೈರಿ ತೆಗೆದೆ. ಗೂಬೆಯ ದಿನದ ಪುಟ. ಅತ್ತುಕೊಂಡು ಬರೆದದ್ದು, ಅಕ್ಷರಗಳು ಬಾಗಿದ್ದವು. ‘ನೂರು ಆಯಿತು. ಎಲ್ಲರೂ ನಕ್ಕರು. ನಾನು ಕೈ ಎತ್ತಿದೆ.’ ಆ ಮೂರನೇ ವಾಕ್ಯವನ್ನು ಅದೆಷ್ಟು ಸಲ ಓದಿದೆನೋ. ಕೈ ಎತ್ತಿದ್ದು ನಾನು. ಯಾರೂ ಎತ್ತು ಎಂದಿರಲಿಲ್ಲ. ಗುರುತು ಬೀಳುವ ತನಕ ಎತ್ತಬಾರದು ಎಂಬುದಷ್ಟೇ ಪದ್ಧತಿ. ನೂರು ಎಂಬುದು ಎಲ್ಲಿಂದ ಬಂತು? ಲೋಟದಿಂದ ಬಂತು. ಹೆಣ್ಣು ನೋಡುವಾಗ ಎಣಿಸುವ ನೂರನ್ನು ಜನ ಪ್ರತಿಮೆಯ ಮುಂದೆಯೂ ತಂದು ನಿಲ್ಲಿಸಿದ್ದರು. ನಾನೂ ತಲೆ ತಗ್ಗಿಸಿ ಒಪ್ಪಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಹಾಲು ಬಂದಾಗಿನಿಂದ ಅಡಿಗೆಮನೆಯ ಮಣೆಗೆ ಹೆಬ್ಬೆರಳು ಒತ್ತಿ ಕೂತೆ. ಎರಡು ಸಾವಿರದ ಮುನ್ನೂರು ಎಣಿಸಿದಾಗ ಅಮ್ಮ ‘ಸೊಪ್ಪು ಬಿಡಿಸಿಕೊಡೇ’ ಎಂದಳು. ಬೆರಳು ಎತ್ತಿ ನೋಡಿದೆ. ಗುರುತಿಲ್ಲ. ಆದರೆ ಬೆರಳಿದ್ದ ಕಡೆ ಮಣೆಯ ಹೊಳಪು ಒಂದಿಷ್ಟು ಮಂಕಾಗಿತ್ತು, ಕನ್ನಡಿಗೆ ಉಸಿರು ಬಿಟ್ಟ ಹಾಗೆ. ಅಷ್ಟು ಸಾಕು. ಬೆರಳಿನ ಚಿಂತೆ ಅಲ್ಲಿಗೆ ಬಿಟ್ಟೆ. ಉಳಿದ ಚಿಂತೆ ಒಂದೇ: ಊರೆಲ್ಲ ನೋಡುತ್ತಿರುವಾಗ ಗಂಟೆಗಟ್ಟಲೆ ಒಂದೇ ಕಡೆ ನಿಲ್ಲುವುದು. ಅದಕ್ಕೆ ಮೆಣಸಿನಕಾಯಿಯ ಉಪಾಯವೂ ಇರಲಿಲ್ಲ.

ಅನಾವರಣದ ದಿನ ಬೆಳಿಗ್ಗೆ ಹತ್ತಕ್ಕೆ ಶಾಲೆಯ ಅಂಗಳ ತುಂಬಿತ್ತು. ಪಂಚಾಯಿತಿಯ ಅಧ್ಯಕ್ಷರು ಭಾಷಣ ಮಾಡಿದರು, ಮೂರು ಸಲ ಚಿಕ್ಕತಾಯಮ್ಮನನ್ನು ದೊಡ್ಡತಾಯಮ್ಮ ಎಂದರು. ಬಟ್ಟೆ ಎಳೆದಾಗ ಹಿಂದಿನ ಸಾಲಿನ ಮುದುಕರೊಬ್ಬರು ಎದ್ದು ಹೊರಟರು; ಕೇಳಿದರೆ, ‘ಶಾಲೆ ಬಿಡ್ತಲ್ಲ’ ಎಂದರಂತೆ. ಅಷ್ಟು ಸರಿಯಾಗಿ ಬಂದಿತ್ತು ಬಾಯಿ.

ಗುಮಾಸ್ತರು ಪುಸ್ತಕ ತೆರೆದರು. ಆಚಾರ್ರು ರೂಢಿಯಂತೆ ಮುಂದೆ ಬಂದು ಪೀಠದ ಕಡೆ ಬಗ್ಗಿದರು. ನಾನು ಅವರ ಕಂಕುಳ ಕೆಳಗಿನಿಂದ ನುಸುಳಿ ಹೋಗಿ ನನ್ನ ಹೆಬ್ಬೆರಳು ಇಟ್ಟುಬಿಟ್ಟೆ.

‘ಏನೇ ಹುಡುಗಿ ಇದು?’ ಎಂದರು ಆಚಾರ್ರು.

ಹೇಳಬೇಕೆಂದು ರಾತ್ರಿಯೆಲ್ಲ ಬರೆದುಕೊಂಡಿದ್ದ ಮಾತು ಒಂದೂ ಬರಲಿಲ್ಲ. ‘ನೂರು ಅಂತ ಎಲ್ಲಿದೆ ಆಚಾರ್ರೇ?’ ಎಂದಷ್ಟೇ ಅಂದೆ, ನನಗೂ ಅವರಿಗೂ ಮಾತ್ರ ಕೇಳುವಷ್ಟು.

ಅವರು ನನ್ನ ಮುಖ ನೋಡಿದರು. ಮೂರು ವರ್ಷದಲ್ಲಿ ಮೊದಲ ಸಲ ಪೀಠದ ಪಕ್ಕ ನಿಂತು ನನ್ನ ಮುಖ ನೋಡಿದರು. ಒಂದು ಕುರ್ಚಿ ಎಳೆದು ಹಾಕಿಕೊಂಡು ಕೂತು, ‘ಎಣಿಸ್ರೋ,’ ಎಂದು ಜನಕ್ಕೆ ಹೇಳಿದರು. ‘ಗಟ್ಟಿಯಾಗಿ ಎಣಿಸಿ.’

ನೂರಕ್ಕೆ ಎಲ್ಲರೂ ನಕ್ಕರು. ಇನ್ನೂರಕ್ಕೂ ನಕ್ಕರು, ಸ್ವಲ್ಪ ಕಡಿಮೆ. ‘ಮಜ್ಜಿಗೆ ಇನ್ನೂ ಕಾದಿಲ್ಲ!’ ಎಂದು ಯಾರೋ ಕೂಗಿದರು. ಐನೂರಕ್ಕೆ ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ‘ಇದೇನು ಆಚಾರ್ರೇ, ಪದ್ಧತಿ ಅಂತ ಒಂದಿಲ್ಲವೇ?’

‘ಬೆರಳು ಎತ್ತಬಾರದು ಅನ್ನೋದು ಪದ್ಧತಿ ಸ್ವಾಮಿ. ಎತ್ತಿದಾಳಾ?’

‘ಎತ್ತಿಲ್ಲ.’

‘ಮತ್ತೆ? ತಾವು ಊಟ ಮುಗಿಸಿ ಬನ್ನಿ.’

ಅವರು ಹೋದರು. ಸಾವಿರದ ಎಂಟುನೂರರ ಹೊತ್ತಿಗೆ ಅರ್ಧ ಜನ ಹೋದರು. ಎಣಿಸುವವರು ಪಾಳಿ ಹಾಕಿಕೊಂಡರು. ನಾಲ್ಕು ಸಾವಿರದ ಹತ್ತಿರ ಇಬ್ಬರಿಗೆ ಲೆಕ್ಕ ತಪ್ಪಿ, ಒಬ್ಬ ಮುಂದೆ ಒಬ್ಬ ಹಿಂದೆ ಆಗಿ, ಜಗಳವಾಗಿ, ಎಣಿಕೆಯೇ ನಿಂತುಹೋಯಿತು. ನಾನು ಪೀಠದ ಪಕ್ಕ ಬಗ್ಗಿಕೊಂಡೇ ಇದ್ದೆ. ಮೊದಮೊದಲು ಜನರ ಕಣ್ಣುಗಳೆಲ್ಲ ಬೆನ್ನ ಮೇಲೆ ಇರುವೆಗಳ ಹಾಗೆ ಹರಿದವು. ಆಮೇಲೆ, ಇರುವೆಗಳ ಹಾಗೆಯೇ, ತಮ್ಮ ತಮ್ಮ ಕೆಲಸಕ್ಕೆ ಹೋದವು. ಇದು ನನಗೆ ಗೊತ್ತೇ ಇರಲಿಲ್ಲ. ಜನ ಎಷ್ಟು ಹೊತ್ತು ಅಂತ ನೋಡುತ್ತಾರೆ? ಅವರಿಗೂ ಹಸಿವಾಗುತ್ತದೆ.

ಮಧ್ಯಾಹ್ನದ ಬಿಸಿಲಿಗೆ ಪರಮೇಶಿ ಛತ್ರಿ ತಂದು ಹಿಡಿದ. ಹಿಡಿಕೆಗೆ ಟವೆಲು ಸುತ್ತಿ, ಕೈ ಬದಲಾಯಿಸುತ್ತ, ‘ಬಿಟ್ಟುಬಿಡು ಮಂಗಳಾ, ನಿನ್ನ ಸೊಂಟ ಹೋಗುತ್ತೆ,’ ಎಂದ.

‘ಛತ್ರಿ ಸ್ವಲ್ಪ ಎಡಕ್ಕೆ,’ ಎಂದೆ.

ಅಮ್ಮ ಡಬ್ಬಿಯಲ್ಲಿ ಮೊಸರನ್ನ ತಂದಳು. ನನ್ನನ್ನು ನೋಡಿದವಳೇ ತುತ್ತು ಕಲಸಲಾಗದೆ ನಿಂತುಬಿಟ್ಟಳು. ಮಾಬೂಬಿ ಡಬ್ಬಿ ಇಸಿದುಕೊಂಡು ತಾನೇ ತಿನ್ನಿಸಿದಳು. ಪ್ರತಿ ತುತ್ತೂ ಅವಳ ಬೆರಳಿನಲ್ಲಿ ಈಗತಾನೇ ಒಲೆಯಿಂದ ಇಳಿಸಿದಂತೆ ಬಿಸಿಯಾಗಿತ್ತು. ‘ನಾನು ಬೇಕಾದ್ರೆ ನಿನ್ ಬೆರಳ ಮೇಲೆ ನನ್ ಬೆರಳು ಇಡ್ಲಾ? ಯಾರಿಗೂ ಗೊತ್ತಾಗಾಕಿಲ್ಲ,’ ಎಂದು ಕಿವಿಯಲ್ಲಿ ಕೇಳಿದಳು. ನಾನು ಬೇಡವೆಂದು ತಲೆಯಾಡಿಸಿದೆ. ‘ಗೊತ್ತಿತ್ತು,’ ಎಂದು ಇನ್ನೊಂದು ತುತ್ತು ಇಟ್ಟಳು.

ಮೂರು ದಾಟಿತು. ಬೆರಳಿಗೆ ಜೋಮು ಹಿಡಿದಿತ್ತು. ಕೆಳಗಿರುವುದು ಚಾಕಲೇಟೋ ನನ್ನದೇ ಇನ್ನೊಂದು ಬೆರಳೋ ತಿಳಿಯುತ್ತಿರಲಿಲ್ಲ. ಒಂದೇ ಒಂದು ಸಲ ಎತ್ತಿ ನೋಡಿಬಿಡೋಣ ಎಂಬ ಆಸೆ ಬಾಯಾರಿಕೆಯ ಹಾಗೆ ಬಂದು ಬಂದು ಹೋಗುತ್ತಿತ್ತು. ಆಚಾರ್ರು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಅಧ್ಯಕ್ಷರು ನಿದ್ದೆ ಮುಗಿಸಿ, ಬೇರೆ ಪಂಚೆ ಉಟ್ಟು ಬಂದರು. ‘ನಾಲ್ಕರವರೆಗೆ ನೋಡೋಣ. ಆಮೇಲೆ ಆಚಾರ್ರೇ ಒತ್ತಿಬಿಡಲಿ. ಊರಿಗೆ ಬೇರೆ ಕೆಲಸ ಇಲ್ಲವೇ?’ ಎಂದರು.

ನಾಲ್ಕಾಯಿತು. ಡ್ರಿಲ್ ಮೇಷ್ಟ್ರು ಬಂದು ಗಂಟೆ ಬಾರಿಸಿದರು.

ಡಬ್. ಡಬ್. ಡಬ್.

ಒಂದು ಬೆಂಚೂ ಸರಿಯಲಿಲ್ಲ. ಗಣಿತದ ಮೇಷ್ಟ್ರ ದನಿ ಒಳಗಿನಿಂದ ಹಾಗೇ ಬರುತ್ತಿತ್ತು. ಡ್ರಿಲ್ ಮೇಷ್ಟ್ರು ಭುಜ ಕುಣಿಸಿದರು. ನಾನು ತಲೆ ಎತ್ತಿ ನೋಡಿದೆ. ನನ್ನ ಮೇಲೆ ಚಿಕ್ಕತಾಯಮ್ಮ ದವಡೆ ಬಿಟ್ಟು ನಿಂತಿದ್ದರು, ಎಡಗೈ ಕಿವಿಯ ಹಿಂದೆ. ಅವರು ಕೇಳಿಸಿಕೊಳ್ಳಲು ಕಾಯುತ್ತಿದ್ದರು. ಕೂಗಬೇಕಾದವರು ಯಾರು, ಅದನ್ನು ನಾನು ಕೆತ್ತುವಾಗ ಯೋಚಿಸಿರಲಿಲ್ಲ.

‘ಢಣ್!’

ಕನ್ನಡಿಯ ಮುಂದಿನ ಢಣ್ ಅಲ್ಲ ಅದು. ಎಲ್ಲಿತ್ತೋ. ಛತ್ರಿ ಪರಮೇಶಿಯ ಕೈಯಿಂದ ಬಿತ್ತು. ಆಚಾರ್ರು ಎಚ್ಚರವಾಗಿ ಎದ್ದು ನಿಂತರು. ‘ಢಣ್!’ ಎರಡನೆಯದಕ್ಕೆ ಗಣಿತ ನಿಂತಿತು. ಮೂರನೆಯದನ್ನು ಕೂಗುವಾಗ ಮುಖಕ್ಕೆ, ಕಿವಿಗೆ, ಕುತ್ತಿಗೆಗೆ, ತೋಳಿಗೆ ರಕ್ತ ನುಗ್ಗಿ ಬಂತು. ನಾಚಿಕೆಯೋ ಇನ್ನೇನೋ, ಯಾವತ್ತೂ ಮುಖದಲ್ಲೇ ನಿಂತುಬಿಡುತ್ತಿದ್ದದ್ದು ಅವತ್ತು ಮೊಣಕೈ ದಾಟಿ ಕೆಳಗಿಳಿಯಿತು. ಒಳಗೆ ಬೆಂಚುಗಳು ಸರಿದವು. ಮೊದಲು ಹತ್ತಿರದವು, ಆಮೇಲೆ ನಡುವಿನವು, ಎಲ್ಲಕ್ಕಿಂತ ಕೊನೆಗೆ ಕಟ್ಟಕಡೆಯ ಕ್ಲಾಸಿನವು. ಮಕ್ಕಳು ಕಟ್ಟೆಯೊಡೆದ ಹಾಗೆ ಹೊರಗೆ ಬಂದರು. ಬೆರಳಿನ ಅಡಿಯಲ್ಲಿ ಏನೋ ಮೆತ್ತಗೆ ಜಾಗ ಬಿಟ್ಟಿತು.

ನಾನಾಗಿಯೇ ಬೆರಳು ಎತ್ತಿದೆ.

ಎಲ್ಲರಿಗಿಂತ ಮೊದಲು ಆಚಾರ್ರು ಬಗ್ಗಿದರು. ಕನ್ನಡಕ ಹಾಕಿಕೊಂಡು, ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ‘ಗೆರೆ ಗೆರೆ ಕಾಣುತ್ತೆ ಕಣ್ರೋ,’ ಎಂದರು. ‘ಸುಳಿ ಕೂಡ ಬಿದ್ದಿದೆ. ಉಳಿ ಏಟಿನ ಗಾಯದ ಗುರುತೂ ಇದೆ ನೋಡಿ ಇಲ್ಲಿ. ನನ್ನವು ಹನ್ನೆರಡೂ ಬರೀ ಗುಂಡಿ. ಯಾರ ಬೆರಳು ಒತ್ತಿದರೂ ಅದೇ ಗುಂಡಿ.’ ಜನ ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಮಜ್ಜಿಗೆ ಎಂದವರೂ ನೋಡಿದರು.

ಗುಮಾಸ್ತರು ಲೇಖನಿ ಎತ್ತಿದರು. ನನ್ನನ್ನು ಚಿಕ್ಕಂದಿನಿಂದ ಬಲ್ಲವರು. ಆದರೂ ಪುಸ್ತಕದ ಮುಂದೆ ಕೇಳಲೇಬೇಕು. ‘ಹೆಸರು?’

ಯಾರಾದರೂ ಹೊರಗಿನಿಂದ ಹೇಳುತ್ತಾರೇನೋ ಎಂದು ಒಂದು ಗಳಿಗೆ ಕಾದೆ. ಹಳೆಯ ಅಭ್ಯಾಸ. ಆಮೇಲೆ ಹೇಳಿದೆ, ‘ಸರ್ವಮಂಗಳಾ. ಪೂರ್ತಿ ಬರೆಯಿರಿ.’

ಈಗ ಕಾರ್ಖಾನೆಯ ಬೀಗದಕೈ ನನ್ನ ಹತ್ತಿರ ಇದೆ. ಪರಮೇಶಿ ಬಾಗಿಲುಗಳನ್ನು ನೋಡಿಕೊಳ್ಳುತ್ತಾನೆ, ಚೆನ್ನಾಗಿಯೇ ಮಾಡುತ್ತಾನೆ. ಆಚಾರ್ರು ದೂರದ ಕುರ್ಚಿಯಿಂದ ‘ಕೂದಲೆಳೆ ಕೆಳಗೆ’ ಎನ್ನುವುದು ತಪ್ಪಿಲ್ಲ. ನಮ್ಮೂರಿನಲ್ಲಿ ಅನಾವರಣವೆಂದರೆ ಈಗ ಬೆಳಿಗ್ಗೆಯಿಂದ ಸಂಜೆಯವರೆಗಿನ ಕಾರ್ಯಕ್ರಮ. ಜನ ಚಾಪೆ, ಬುತ್ತಿ ಕಟ್ಟಿಕೊಂಡು ಬರುತ್ತಾರೆ. ನಾಲ್ಕಕ್ಕೆ ಮುಂಚೆ ಗುರುತು ಬಿದ್ದರೆ ‘ಇವತ್ತು ಬೇಗ ಮುಗಿಸಿಬಿಟ್ಟಳು’ ಎಂದು ಬೇಸರ ಮಾಡಿಕೊಳ್ಳುವವರೂ ಇದ್ದಾರೆ. ಶಾಲೆಯಲ್ಲಿ ಬೆಳಿಗ್ಗೆಯದನ್ನೂ ಊಟದ್ದನ್ನೂ ಮಾಬೂಬಿ ಕೂಗುತ್ತಾಳೆ. ಸಂಜೆಯದು ನನ್ನದು.

ಮೊನ್ನೆ ಆ ಅಜ್ಜಿ ಮತ್ತೆ ಹೇಳಿಕಳಿಸಿದ್ದರು, ಅದೇ ‘ಬಾಯಿ ಇದೆಯಾ?’ ಎಂದಿದ್ದವರು. ಹುಡುಗನಿಗೆ ಇನ್ನೂ ಎಲ್ಲೂ ಹೆಣ್ಣು ಗೊತ್ತಾಗಿಲ್ಲವಂತೆ, ಇನ್ನೊಂದು ಸಲ ಬಂದು ಹೋಗಲೇ ಎಂದು. ಅಮ್ಮ ಒಲೆಯ ಮುಂದಿನಿಂದ ಏಳದೆಯೇ, ಬಂದವರ ಕೈಯಲ್ಲಿ ಉತ್ತರ ಕೊಟ್ಟು ಕಳಿಸಿದಳು.

‘ಲೋಟ ತರೋದು ಬೇಡ ಅನ್ನಿ. ಸಂಜೆ ನಾಲ್ಕಕ್ಕೆ ಸರಿಯಾಗಿ ಅವರ ಮನೆ ಬಾಗಿಲಲ್ಲೇ ನಿಂತ್ಕೊಳ್ಳೋಕೆ ಹೇಳಿ. ಕೇಳಿಸುತ್ತೆ.’